ಹಸಿ ಮರಳು ತುಂಬಿದ ಪೈಪು

೧೯೬೧ರಲ್ಲಿ ನಾನು ಯಶವಂತಪುರದ ರೈಲ್ವೆ ಯಾರ್ಡಿನ ಆಚೆ ಏಳುತ್ತಿದ್ದ ಒಂದು ಕಾರ್ಖಾನೆಯಲ್ಲಿ ವೈರಿಂಗ್ ಸೂಪರ್‌ವೈಸರ್ ಆಗಿದ್ದೆ. ಕಟ್ಟಡದ ಗುತ್ತಿಗೆದಾರ ನಂಜಪ್ಪ ಗಾರೆ ಕೆಲಸದಿಂದ ಮೇಲೆ ಬಂದವನು; ವೈರಿಂಗಿನವರೂ ಅವನ ಕೈಕೆಳಗೇ. ಮೊದಲ ದಿನವೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಅದರ ಮೇಲೆ ತನ್ನ ಟಿಫಿನ್ ಕ್ಯಾರಿಯರ್ ಇಟ್ಟಿದ್ದ. ಅದನ್ನು ನಾನು ಮರೆತಿಲ್ಲ.

ಮುಖ್ಯ ಕೇಬಲ್ ಹೋಗಬೇಕಾದ ಗೋಡೆಗೆ ಅಡ್ಡಲಾಗಿ, ನಕ್ಷೆಯಲ್ಲಿಲ್ಲದ ಕಾಂಕ್ರೀಟ್ ತೊಲೆಯೊಂದು ಬಂದಿತ್ತು. ಅದನ್ನು ಕೊರೆಯುವಂತಿರಲಿಲ್ಲ, ತಂತಿ ಒಳಗೆ ಹಾಯುವ ಎರಡು ಅಂಗುಲದ ಕಬ್ಬಿಣದ ಕಾಂಡ್ಯೂಟ್ ಪೈಪನ್ನೇ ಬಗ್ಗಿಸಿ ತೊಲೆಯನ್ನು ಸುತ್ತುಬಳಸಿ ಒಯ್ಯಬೇಕಿತ್ತು. ಅಷ್ಟು ದಪ್ಪದ ಪೈಪು ಬಗ್ಗುವಾಗ ಒಳಕ್ಕೆ ಕುಸಿಯುತ್ತದೆ. ಕುಸಿದಲ್ಲಿ ತಂತಿಯ ಹೊದಿಕೆ ಹರಿಯುತ್ತದೆ. ಆದ್ದರಿಂದ ಒಳಗೆ ಮರಳು ಗಿಡಿದು, ಎರಡೂ ತುದಿಗೆ ಮರದ ಬಿರಡೆ ಬಡಿದು, ನಡುಭಾಗವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು ಅಂದಿನ ಕ್ರಮ. ಮರಳನ್ನು ಮೊದಲು ಬಾಣಲೆಯಲ್ಲಿ ಹುರಿದು ಒಣಗಿಸಲೇಬೇಕು.

ಆ ಕೆಲಸಕ್ಕೆ ಕೊಡಿಗೇಹಳ್ಳಿಯ ಮುನಿಶಾಮಿ ಇದ್ದ. ಬಾಯಿಬಡುಕ, ನನ್ನ ಕನ್ನಡಕವನ್ನೂ ಗೇಲಿ ಮಾಡುತ್ತಿದ್ದ. ಅವನು ಬಗ್ಗಿಸಿದ ಪೈಪಿನಲ್ಲಿ ಸುಕ್ಕು ಮಾತ್ರ ಇರುತ್ತಿರಲಿಲ್ಲ.

ಮಳೆ ಬಿದ್ದು ಮರಳೆಲ್ಲ ನೆನೆದಿತ್ತು. ಹುರಿಯಲು ಅರ್ಧ ದಿನ ಬೇಕೆಂದೆ. ಸಂಜೆಗೆ ಮಾಲೀಕರು ಬರುವವರಿದ್ದರು. ನಂಜಪ್ಪ ಆ ಮರಳಿಗೇ ಇನ್ನೊಂದು ಕೊಡ ನೀರು ಸುರಿಸಿದ.

“ನೀರ್ ಹಾಕಿದ್ರೇನೇ ಮರಳು ಗಟ್ಟಿಯಾಗಿ ಕೂರೋದು ಕಣ್ರೀ. ತಳಪಾಯಕ್ಕೆ ನಾವು ಹಾಕಲ್ವಾ?”

“ಕಾಯಿಸಿದ್ರೆ ಆವಿ ಕಟ್ಟುತ್ತೆ. ಬಿರಡೆ ಗುಂಡಿನ ಥರ ಹಾರುತ್ತೆ,” ಎಂದೆ.

“ಮೇಷ್ಟ್ರು ಪಾಠ ಸುರು ಮಾಡಿದ್ರು! ಭಯ ಆದ್ರೆ ಗೇಟ್ ಆಚೆ ನಿಂತ್ಕೊಳ್ಳಿ.”

ಗಾರೆಯವರೆಲ್ಲ ನಕ್ಕರು. ನಂಜಪ್ಪ ಮುನಿಶಾಮಿಯತ್ತ ತಿರುಗಿದ. “ನೀನ್ ಮಾಡ್ತೀಯೋ, ಮಾಕಳಿಯಿಂದ ಬೇರೆಯೋನ್ನ ಕರೆಸ್ಲೋ?”

ಮುನಿಶಾಮಿ ಮರಳು ತುಂಬಿ ಬಿರಡೆ ಬಡಿದ. ಪೈಪು ಕಾದು ಬಗ್ಗುವವರೆಗೂ ಅದರ ತುದಿಗಳಿಗೆ ಮುಖ ಕೊಡದೆ ಪಕ್ಕದಲ್ಲೇ ನಿಂತಿದ್ದ. “ಸೊಟ್ಟ ಹೋಗ್ತಾ ಅದೆ, ತುದೀಲಿ ಕಣ್ಣಿಟ್ಟು ನೋಡೋ!” ಎಂದು ನಂಜಪ್ಪ ಅರಚಿದ. ಮುನಿಶಾಮಿ ಬಾಗಿದ. ಬಿರಡೆ ಹಾರಿತು.

ನಂಜಪ್ಪ ಮೊದಲು ನೋಡಿದ್ದು ಪೈಪನ್ನು. “ಬೆಂಡ್ ಸರ್ಯಾಗೇ ಬಂದದೆ,” ಎಂದ. ಆಮೇಲೆ ಜಟಕಾ ತರಿಸಿದ. ಮುನಿಶಾಮಿಯ ಬಲಗಣ್ಣು ಹೋಯಿತು. ಸಂಜೆ ಮಾಲೀಕರು ಗೋಡೆಗೆ ಕೂರಿಸಿದ್ದ ಪೈಪಿನ ಆ ಬೆಂಡಿನ ಮೇಲೆ ಕೈಯಾಡಿಸಿ, ನಂಜಪ್ಪನ ಬೆನ್ನು ತಟ್ಟಿದರು. ನಡೆದದ್ದನ್ನು ಹೇಳಲು ಬಾಯಿ ತೆರೆದ ನನಗೆ, “ಆಮೇಲೆ, ಆಮೇಲೆ” ಎಂದರು. ಆ ‘ಆಮೇಲೆ’ ಇಂದಿಗೂ ಬಂದಿಲ್ಲ.

ಗಾಯ ಮಾಗಿದ ಮೇಲೆ ಮುನಿಶಾಮಿ ಕೆಲಸ ಕೇಳಿಕೊಂಡು ಬಂದ. ನಂಜಪ್ಪ ಊಟಕ್ಕೆ ಕುಳಿತಿದ್ದ.

“ಒಂಟಿಗಣ್ಣಲ್ಲಿ ಪೈಪ್ ನೆಟ್ಟಗೈತೋ ಇಲ್ವೋ ಎಂಗಯ್ಯಾ ನೋಡ್ತೀಯ?”

“ಪೈಪ್ ನೋಡೋವಾಗ ಎಲ್ರೂ ಒಂದ್ ಕಣ್ಣು ಮುಚ್ಕಂಡೇ ಅಲ್ವಾ ಸಾಮಿ ನೋಡೋದು? ನಂಗೆ ಮುಚ್ಚೋ ಕೆಲ್ಸ ತಪ್ತು.”

ನಂಜಪ್ಪ ಅನ್ನ ನೆತ್ತಿಗೇರುವಷ್ಟು ನಕ್ಕ. ಕೆಲಸ ಕೊಡಲಿಲ್ಲ.

ಆಮೇಲೆ ನಿವೃತ್ತಿಯವರೆಗೂ, ಮರಳನ್ನು ನನ್ನ ಅಂಗೈಯಲ್ಲಿ ಉಜ್ಜಿ ನೋಡದೆ ಯಾರಿಗೂ ಪೈಪು ತುಂಬಲು ಬಿಡಲಿಲ್ಲ. ಕಾದ ಹಸಿ ಮರಳು ಯಾವ ಗುತ್ತಿಗೆದಾರನ ಮಾತನ್ನೂ ಕೇಳುವುದಿಲ್ಲ. ಆದರೆ ಅದು ಹೊಡೆಯುವುದು ಪೈಪಿನ ತುದಿಯಲ್ಲಿ ನಿಂತವನನ್ನು, ನಿಲ್ಲಿಸಿದವನನ್ನಲ್ಲ.