ಹನ್ನೊಂದು ಹೆಸರು, ಒಬ್ಬ ಹನುಮಂತ

ಮಾನ್ವಿಯಲ್ಲಿ ಬಾಡಿಗೆ ಗಾಡಿ ಓಡಿಸುತ್ತಿದ್ದ ಹನುಮಂತನ ಬದುಕನ್ನು ನಾನು ಒಂದು ಮಾತಿನಿಂದ ಕೆಡಿಸಿದೆ. ಆ ಮಾತಿನಲ್ಲಿ ಒಂದು ಪದವೂ ಸುಳ್ಳಿರಲಿಲ್ಲ. ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿ ಕೂತು ಪಳಗಿದ ನಾಲಿಗೆ ಅದು — ಬಿಡಿಬಿಡಿಯಾಗಿ ಎಲ್ಲವೂ ನಿಜ, ಒಟ್ಟಾಗಿ ಸುಳ್ಳು. ನಾಲ್ಕು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಗಂಡನಿಗೂ.

ನಾನು ರಾಯಚೂರಿನ ಒಂದು ಪತ್ರಿಕೆಯಲ್ಲಿ ತಾಲ್ಲೂಕು ಸುದ್ದಿಗಳನ್ನು ನೋಡಿಕೊಳ್ಳುತ್ತೇನೆ. ಅಪಘಾತಗಳು ಮೊದಲು ಬರುವುದು ನನ್ನ ಮೇಜಿಗೆ. ಸತ್ತವರ ಹೆಸರು, ಪಕ್ಕದ ಬ್ರ್ಯಾಕೆಟ್ಟಿನಲ್ಲಿ ವಯಸ್ಸು, ಆಮೇಲೆ ಊರು. ಠಾಣೆಗೊಂದು, ಆಸ್ಪತ್ರೆಗೊಂದು ಫೋನು ಮಾಡಿ ಖಚಿತ ಮಾಡಿಕೊಳ್ಳದೆ ಒಂದು ಹೆಸರನ್ನೂ ಪುಟಕ್ಕೆ ಬಿಟ್ಟವಳಲ್ಲ. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ — ವಯಸ್ಸು ಬಿಡಬೇಡಿ. ನಮ್ಮ ಜಿಲ್ಲೆಯಲ್ಲಿ ಕಲ್ಲೆಸೆದರೆ ಒಬ್ಬ ಹನುಮಂತನಿಗೋ ಒಬ್ಬಳು ಯಲ್ಲಮ್ಮನಿಗೋ ಬೀಳುತ್ತದೆ. ಸತ್ತವನು ಯಾವ ಹನುಮಂತ ಎಂದು ಬದುಕಿರುವ ಹನುಮಂತನ ಮನೆಯವರಿಗೆ ತಿಳಿಯುವುದು ಆ ಎರಡು ಅಂಕಿಗಳಿಂದ.

ಕಚೇರಿಯಲ್ಲಿ ನನಗೆ ಗಟ್ಟಿಗಿತ್ತಿ ಎಂಬ ಹೆಸರಿದೆ. ಫೋನಿನ ಆ ಕಡೆ ಯಾರು ಅತ್ತರೂ ಇವಳ ಪೆನ್ನು ನಿಲ್ಲುವುದಿಲ್ಲ ಎನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದು ನನಗೆ ಇಷ್ಟವೂ ಆಗಿತ್ತು. ಈಗ ತಿರುಗಿ ನೋಡಿದರೆ — ಎಲ್ಲ ಶುರುವಾದದ್ದು ಆ ಇಷ್ಟದಿಂದಲೇ.

ನಾಲ್ಕು ವರ್ಷದ ಹಿಂದೆ, ಬೇಸಿಗೆ ರಜೆ. ಮಾನ್ವಿಯಲ್ಲಿ ಬೀಜ–ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಬಸು, ಇಡೀ ಮನೆಯನ್ನು ಒಂದು ದಿನದ ಮಟ್ಟಿಗೆ ಹೈದರಾಬಾದಿನ ಹತ್ತಿರದ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ. ಗಿರಗಿರ ತಿರುಗುವ ಗಾಲಿಗಳು, ಎತ್ತರದಿಂದ ಜಾರುವ ನೀರಿನ ಕೊಳವೆಗಳು, ತೆರೆ ಏಳುವ ಕೊಳ. ಹೊರಡುವುದಕ್ಕೆ ಒಂದು ವಾರ ಮೊದಲು, ಭಾನುವಾರ ಮಧ್ಯಾಹ್ನ, ಅವನ ಪಡಸಾಲೆಯಲ್ಲಿ ನಾವೆಲ್ಲ ಸೇರಿದ್ದೆವು. ದೇವದುರ್ಗದಿಂದ ಚಿಕ್ಕವ್ವ ಮಗಳನ್ನೂ ಮೊಮ್ಮಗನನ್ನೂ ಕಟ್ಟಿಕೊಂಡು ಬಂದಿದ್ದಳು.

“ನೀರಾಗ ಸೀರಿ ಉಟ್ಕೊಂಡು ಇಳ್ಯಾಕ ಬಿಡಂಗಿಲ್ಲಂತ ನೋಡು ಚಿಕ್ಕವ್ವಾ. ನೈಲಾನ್ ಪ್ಯಾಂಟು ಅವ್ರ ಕೊಡ್ತಾರಂತ,” ಎಂದ ಬಸು.

ಚಿಕ್ಕವ್ವ ನನ್ನ ಅವ್ವನ ಕಡೆ ತಿರುಗಿದಳು. “ಅಕ್ಕಾ, ನೀ ಪ್ಯಾಂಟ್ ಹಾಕ್ಕೊಂಡ್ರ ನಾನೂ ಹಾಕ್ಕೋತೀನಿ. ಫೋಟೋ ಮಾತ್ರ ದೇವದುರ್ಗಕ್ಕ ಬರಬಾರ್ದು.”

“ಪ್ಯಾಂಟರ ಹಾಕಿಸ್ರಿ, ಚಡ್ಡಿಯರ ಹಾಕಿಸ್ರಿ,” ಎಂದಳು ಅವ್ವ. “ಸಮುದ್ರದಂಗ ತೆರಿ ಬರ್ತಾವಂತಲ್ಲ, ಅದರಾಗ ಒಂದ್ಸಲ ನಿಂದ್ರಬೇಕು ನಾ.”

ಬಸುವಿನ ಮಗಳು ಸಿಂಚನಾಗೆ ಆಗ ಹತ್ತು ವರ್ಷ. ದೊಡ್ಡ ಆಟಗಳಿಗೆ ಇಷ್ಟೇ ಎತ್ತರ ಇರಬೇಕೆಂಬ ನಿಯಮವಿತ್ತು. ಬಾಗಿಲ ಚೌಕಟ್ಟಿನ ಮೇಲೆ ಆ ಎತ್ತರಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ದಿನವೂ ಅದಕ್ಕೆ ಬೆನ್ನು ಹಚ್ಚಿ ನಿಲ್ಲುತ್ತಿದ್ದಳು. ಎರಡು ಬೆರಳು ಕಡಿಮೆ. “ಅತ್ತೀ, ದಪ್ಪನ ಚಪ್ಪಲಿ ಹಾಕ್ಕೊಂಡ್ರ ನಡೀತದೇನು?” ಎಂದು ನನ್ನ ಕಿವಿಯಲ್ಲಿ ಕೇಳಿದ್ದಳು.

ಹನುಮಂತ ಬಂದದ್ದು ಆಗ. ನೀರಮಾನ್ವಿಯವನು, ಹನ್ನೆರಡು ಸೀಟಿನ ಗಾಡಿ ಸ್ವಂತದ್ದು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬಂದು, ಕೂರೆಂದರೂ ಕೂರದೆ ನಿಂತೇ ಮಾತಾಡಿದ. ರಾತ್ರಿಯೇ ಬಿಟ್ಟರೆ ಬೇಗ ಮುಟ್ಟುತ್ತೇವಲ್ಲ ಎಂದು ಬಸು ಕೇಳಿದ್ದಕ್ಕೆ ಅವನು ತಲೆಯಾಡಿಸಿದ.

“ಬೆಳಿಗ್ಗೆ ನಾಕಕ್ಕ ಬಿಡೂಣ್ರಿ ಅಣ್ಣ. ರಾತ್ರಿ ನಾ ಗಾಡಿ ಹೊಡ್ಯಂಗಿಲ್ಲ.”

“ಯಾಕಲೇ, ದೆವ್ವಕ್ಕ ಹೆದರ್ತಿ?”

“ದೆವ್ವಕ್ಕಲ್ರೀ, ನಿದ್ದಿಗೆ ಹೆದರ್ತೀನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆದರ್ತೀನಿ — ಎಷ್ಟು ಸಲೀಸಾಗಿ ಹೇಳಿದ ಆ ಮನುಷ್ಯ! ಆ ಪದ ನನ್ನ ಬಾಯಿಂದಲೂ ಹಾಗೇ ಬಂದಿದ್ದರೆ ಇದನ್ನು ಬರೆಯುವ ಹೊತ್ತು ಬರುತ್ತಿರಲಿಲ್ಲ.

ಹೋಗುವಾಗ ಅವನೇ ಕೇಳಿದ: “ತೆಲಂಗಾಣದ ಗಡಿಯಾಗ ಕೇಳಿದ್ರ ತೋರ್ಸಾಕ ಬೇಕ್ರಿ, ಎಲ್ಲಾರ ಹೆಸರು, ವಯಸ್ಸು ಒಂದು ಹಾಳ್ಯಾಗ ಬರ್ದು ಕೊಡ್ರಿ.”

“ನಮ್ಮ ಅಕ್ಕ ಪೇಪರ್‌ನಾಕಿ ಇದ್ದಾಳಲ್ಲ, ಆಕಿ ಬರೀತಾಳ ತಗೋ,” ಎಂದ ಬಸು.

ಬರೆದೆ. ದೊಡ್ಡವರಿಂದ ಶುರು ಮಾಡಿ ಸಣ್ಣವರವರೆಗೆ. ಅವ್ವನ ಹೆಸರು, ಬ್ರ್ಯಾಕೆಟ್ಟಿನಲ್ಲಿ ವಯಸ್ಸು. ಚಿಕ್ಕವ್ವನ ಹೆಸರು, ವಯಸ್ಸು. ನನ್ನದು, ನನ್ನ ಗಂಡನದು. ಬಸು, ಅವನ ಹೆಂಡತಿ, ಚಿಕ್ಕವ್ವನ ಮಗಳು. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಸಿಂಚನಾ (10) ಎಂದು ಬರೆದೆ, ನನ್ನ ಮಗ, ಉಳಿದ ಮಕ್ಕಳು — ಹನ್ನೊಂದನೆಯ ಹೆಸರು ಮುಗಿಸಿ ಹಾಳೆ ಎತ್ತಿ ನೋಡಿದೆ.

ಅದು ನಾನು ಬಲ್ಲ ಪಟ್ಟಿಯಾಗಿತ್ತು. ಅದೇ ಸಾಲು, ಅದೇ ಅಲ್ಪವಿರಾಮ, ಅದೇ ಬ್ರ್ಯಾಕೆಟ್ಟು. ಅದರ ಮೇಲೆ ಏನು ಬರೆಯಬೇಕೆಂದು ನನ್ನ ಕೈಗೆ ಗೊತ್ತಿತ್ತು — ‘ಪ್ರವಾಸಕ್ಕೆ ಹೊರಟಿದ್ದ ಒಂದೇ ಕುಟುಂಬದ’ — ಅಷ್ಟು. ಮುಂದಿನದು ಮನಸ್ಸಿನಲ್ಲಿ ತಾನೇ ಅಚ್ಚಾಯಿತು. ಪಕ್ಕದಲ್ಲಿ ಚಿಕ್ಕವ್ವ ಇನ್ನೂ ಪ್ಯಾಂಟಿನ ಮಾತಿಗೆ ನಗುತ್ತಿದ್ದಳು. ಹಾಳೆ ಮಡಚಿ ಹನುಮಂತನಿಗೆ ಕೊಟ್ಟೆ. ಅವನು ಅದನ್ನು ಅಂಗಿಯ ಜೇಬಿಗೆ, ಎದೆಯ ಹತ್ತಿರ, ಇಟ್ಟುಕೊಂಡ.

ಅಲ್ಲಿಂದ ನಾಲ್ಕು ದಿನ ನಾನು ಹೇಗಿದ್ದೆ ಎಂದು ಹೇಳುವುದು ಕಷ್ಟ. ಹೊರಗೆ ಎಂದಿನಂತೆಯೇ ಇದ್ದೆ. ಪುಟ ಹೋಗುತ್ತಿತ್ತು, ತಪ್ಪು ಬರುತ್ತಿರಲಿಲ್ಲ. ಒಳಗೆ ಮಾತ್ರ ಆ ಗಾಡಿ ಹೋಗುತ್ತಲೇ ಇತ್ತು — ಕಲ್ಮಲ ದಾಟಿ, ರಾಯಚೂರು ದಾಟಿ, ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆಯ ಮೇಲೆ. ಪ್ರತಿ ಸಲವೂ ಸೇತುವೆಯ ಮೇಲೆ ನಿಲ್ಲುತ್ತಿತ್ತು. ಅದನ್ನು ದಾಟಿಸಿದರೆ ಪಾರ್ಕು. ಕಬ್ಬಿಣದ ಆ ಗಾಲಿ, ಆ ಎತ್ತರ, ದಪ್ಪ ಚಪ್ಪಲಿ ಹಾಕಿಕೊಂಡು ಎರಡು ಬೆರಳು ಕದ್ದ ಹುಡುಗಿ, ಅವಳ ಸೊಂಟಕ್ಕೆ ಸಡಿಲಾದ ಪಟ್ಟಿ. ನೀರಿನೊಳಗೆ ಅವ್ವ. ಬೇರೆಯವರ ಸಾವನ್ನು ಇಪ್ಪತ್ತು ವರ್ಷ ಅಳುಕದೆ ಬರೆದವಳಿಗೆ ತನ್ನವರ ಹೆಸರನ್ನು ಒಂದು ಹಾಳೆಯಲ್ಲಿ ನೋಡುವುದಾಗಲಿಲ್ಲ.

‘ಬಸು, ನನಗ ಹೆದರಿಕಿ ಆಗಾಕತ್ತದ’ ಎನ್ನಬಹುದಿತ್ತು. ಅವನು ನಗುತ್ತಿದ್ದ, ಅವ್ವ ಬೈಯುತ್ತಿದ್ದಳು, ಆಮೇಲೆ ಹೋಗುತ್ತಿದ್ದೆವೋ ಬಿಡುತ್ತಿದ್ದೆವೋ. ಆದರೆ ಗಟ್ಟಿಗಿತ್ತಿ ಹಾಗೆ ಹೇಳುವುದು ಹೇಗೆ?

ಗುರುವಾರ ಬಸುವಿಗೆ ಫೋನು ಮಾಡಿದೆ. ಆ ಗಾಡಿಯ ಹುಡುಗನನ್ನು ನೀನು ಎಷ್ಟು ದಿನದಿಂದ ಬಲ್ಲೆ ಎಂದು ಕೇಳಿದೆ.

“ಛಲೋ ಹುಡುಗ ಇದ್ದಾನಕ್ಕಾ. ಸಾಲಿ ಮಕ್ಕಳನ್ನ ಅಂವನ ಒಯ್ತಾನ. ಯಾಕ?”

ಆಗ ಹೇಳಿದೆ. “ಹನುಮಂತ ಅಂತ ಒಬ್ಬ ಡ್ರೈವರಂದು ಸುದ್ದಿ ನಾನ ಬರ್ದೀನಿ ಬಸು. ನಿದ್ದಿಗಣ್ಣಾಗ ಹೊಡ್ದಿದ್ದ. ಮೂರು ಮಂದಿ ಹೋದ್ರು.”

“ಈ ಹನುಮಂತನೇನು?”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ನಾ ಹೆಚ್ಚಿಗಿ ಹೇಳಂಗಿಲ್ಲ. ಮಕ್ಕಳು ಇರ್ತಾವ. ನಿನ್ನ ಇಷ್ಟ,” ಎಂದೆ.

ನಾನು ಬರೆದ ಸುದ್ದಿಯ ಹನುಮಂತ ಬೇರೆ ತಾಲ್ಲೂಕಿನವನು, ಲಾರಿಯವನು. ಬ್ರ್ಯಾಕೆಟ್ಟಿನಲ್ಲಿ ಅವನ ವಯಸ್ಸು ಐವತ್ತೆರಡು. ನೀರಮಾನ್ವಿಯ ಹನುಮಂತನಿಗೆ ಮೂವತ್ತೊಂದು. ಆ ಎರಡು ಅಂಕಿ ಬಾಯಿಬಿಟ್ಟು ಹೇಳಿದ್ದರೆ ನನ್ನ ಮಾತು ಅಲ್ಲೇ ಉದುರಿ ಬೀಳುತ್ತಿತ್ತು. ಅದು ಗೊತ್ತಿದ್ದೇ ನುಂಗಿದೆ. ವಯಸ್ಸು ಬಿಡಬೇಡಿ ಎಂದು ಊರಿಗೆಲ್ಲ ಕಲಿಸಿದವಳು ನಾನು.

ರಜೆಯ ದಿನಗಳು, ಬೇರೆ ಗಾಡಿ ಸಿಗಲಿಲ್ಲ. ಪ್ರವಾಸ ನಿಂತಿತು. ಅವ್ವಗೆ ಆರಾಮಿಲ್ಲ ಎಂದು ಬಸು ಹನುಮಂತನಿಗೆ ನೆಪ ಹೇಳಿದ. ಮರುದಿನ ಅವನು ಮೋಸಂಬಿ ಹಿಡಿದುಕೊಂಡು ಅವ್ವನನ್ನು ನೋಡಲು ಬಂದನಂತೆ. ಅವ್ವ ಚೆನ್ನಾಗಿಯೇ ಇದ್ದಳು. ಬಸು ಅವಳನ್ನು ಒಳಗೆ ಮಲಗಿಸಿದನಂತೆ. ಸಿಂಚನಾ ಚೌಕಟ್ಟಿನ ಗೆರೆಯನ್ನು ಒರೆಸಲೂ ಇಲ್ಲ, ಅದಕ್ಕೆ ಬೆನ್ನು ಹಚ್ಚಿ ನಿಲ್ಲಲೂ ಇಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆ ದಿನ ಮಾತ್ರ ನನ್ನ ಎದೆಯ ಭಾರ ಇಳಿದಿತ್ತು. ಹನ್ನೊಂದೂ ಮಂದಿ ಉಳಿದರು ಎಂಬಂತೆ — ಹೌದು, ನಾನೇ ಉಳಿಸಿದೆ ಎಂಬಂತೆ — ಹೊಟ್ಟೆ ತುಂಬ ಉಂಡೆ.

ಬಿತ್ತನೆ ಬೀಜಕ್ಕೆ ಬರುವ ರೈತರು ಬಸುವಿನ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತಾರೆ. ‘ಪ್ರವಾಸ ಯಾಕ ಬಿಟ್ರಿ?’ ಎಂದು ಯಾರೋ ಕೇಳಿದರಂತೆ. ‘ಅಂವನ ಮ್ಯಾಲೆ ಏನೋ ಅದಂತಪ್ಪ, ಪೇಪರ್‌ನಾಕಿ ಅಕ್ಕನ ಹೇಳ್ಯಾಳ’ ಎಂದನಂತೆ ಬಸು. ಅಷ್ಟು ಸಾಕಾಯಿತು. ಶಾಲೆಯವರು ಮಕ್ಕಳನ್ನು ಬೇರೆ ಗಾಡಿಗೆ ಹತ್ತಿಸಿದರು. ಮದುವೆಯವರು ಕರೆಯುವುದನ್ನು ಬಿಟ್ಟರು.

ದೀಪಾವಳಿಯ ಹೊತ್ತಿಗೆ ಅವನೇ ನನ್ನ ಕಚೇರಿಗೆ ಬಂದ. ಮೆಟ್ಟಿಲ ಹತ್ತಿರ ನಿಂತಿದ್ದ. ಅವನಿಗೆ ಎಲ್ಲ ಗೊತ್ತಾಗಿದೆ ಎಂದುಕೊಂಡೆ. ಗೊತ್ತಾಗಿರಲಿಲ್ಲ. ಪೇಪರಿನಲ್ಲಿ ಬಂದಿದೆಯಂತೆ ಎಂಬುದಷ್ಟೇ ಅವನ ಕಿವಿಗೆ ಬಿದ್ದಿತ್ತು. ಯಾರು ಹೇಳಿದರೆಂಬುದು ಬಿದ್ದಿರಲಿಲ್ಲ. ಗುರುತಿನವಳು ಎಂದು ನನ್ನನ್ನೇ ಹುಡುಕಿಕೊಂಡು ಬಂದಿದ್ದ.

“ಅಕ್ಕಾವ್ರೇ, ನನ್ನ ಹೆಸರಿಲೆ ಏನರ ಬಂದದೇನ್ರಿ? ಬಂದಿದ್ರ ತೋರಸ್ರಿ, ನಾ ಓದ್ತೀನಿ.”

“ಅಂಥಾದ್ದೇನೂ ಬಂದಿಲ್ಲ.”

ಅವನ ಮುಖ ಅರಳಿತು. “ಹಂಗಿದ್ರ ಅಷ್ಟ ಒಂದು ಚೀಟ್ಯಾಗ ಬರ್ದು ಕೊಡ್ರಿ. ಸಾಲ್ಯಾಗ ತೋರಸ್ತೀನಿ.”

ಬರೆಯಬಹುದಿತ್ತು. ಎರಡು ಸಾಲು. ಆ ಚೀಟಿ ಶಾಲೆಗೆ ಹೋಗಿ, ಶಾಲೆಯಿಂದ ಬಸುವಿನ ಅಂಗಡಿಗೆ ಹೋಗಿ, ಅವನು ನನಗೆ ಫೋನು ಮಾಡಿ ‘ಹಂಗಿದ್ರ ನೀ ಅಂದಿದ್ದೇನು?’ ಎಂದರೆ — ಆ ಹೆದರಿಕೆ. ಮೊದಲನೆಯದು ನನ್ನವರ ಜೀವದ ಹೆದರಿಕೆಯಾದರೂ ಆಗಿತ್ತು. ಇದು ನನ್ನ ಹೆಸರಿನದು.

“ಬಾರದ ಸುದ್ದಿಗೆ ಚೀಟಿ ಕೊಡೋ ಪದ್ಧತಿ ನಮ್ಮಲ್ಲಿ ಇಲ್ಲಪ್ಪ,” ಎಂದೆ.

“ಖರೆ ಅದ್ರಿ, ಖರೆ ಅದ,” ಎಂದು ನನಗೇ ಕೈಮುಗಿದು ಇಳಿದುಹೋದ.

ಮುಂದಿನ ವರ್ಷ ಗಾಡಿ ಮಾರಿದ. ಈಗ ಕಲ್ಮಲದ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಆ ಊರು ಬಂದಾಗ ನಾನು ಕಿಟಕಿಯ ಆಚೆ ನೋಡುವುದಿಲ್ಲ.

ಈ ವಾರ ಬಸು ಫೋನು ಮಾಡಿದ್ದ. ಸಿಂಚನಾಗೆ ಈಗ ಹದಿನಾಲ್ಕು, ಆ ಗೆರೆಗಿಂತ ಒಂದು ಗೇಣು ಮೇಲಿದ್ದಾಳೆ. ಪಾರ್ಕಿಗೆ ಹೋಗೋಣ ಎಂದು ಮತ್ತೆ ಹಟ ಹಿಡಿದಿದ್ದಾಳೆ. ಅವ್ವನೂ ತಯಾರು. “ಪಟ್ಟಿ ನೀನ ಬರೀಬೇಕಕ್ಕಾ. ಡ್ರೈವರ್ ಯಾವ ಇರಬೇಕು ಅನ್ನೋದೂ ನೀನ ಹೇಳು. ಹ್ವಾದ ಸಲ ನೀ ಹೇಳಿದ್ದಕ್ಕ ಬಚಾವ್ ಆದ್ವಿ,” ಎಂದ.

ಬಚಾವ್ ಆದ್ವಿ. ನನ್ನ ತಮ್ಮ ನಾಲ್ಕು ವರ್ಷದಿಂದ ನನಗೆ ಋಣಿಯಾಗಿದ್ದಾನೆ.

ಪತ್ರಿಕೆಯಲ್ಲಿ ತಪ್ಪಾದರೆ ತಿದ್ದುಪಡಿಯನ್ನು ಆ ತಪ್ಪು ಬಂದ ಪುಟದಲ್ಲೇ ಹಾಕಬೇಕು ಎಂದು ನಾನೇ ಜಗಳವಾಡುತ್ತೇನೆ. ನನ್ನ ತಪ್ಪು ಬಂದದ್ದು ಬಸುವಿನ ಅಂಗಡಿಯ ಬೆಂಚಿನ ಮೇಲೆ. ನಾಳೆ ಶನಿವಾರ, ಅಲ್ಲಿ ಜನ ತುಂಬಿರುತ್ತಾರೆ. ಮೊದಲು ಕಲ್ಮಲದಲ್ಲಿ ಇಳಿದು ಗಿರಣಿಗೆ ಹೋಗುತ್ತೇನೆ. ಅವನು ಏನೆನ್ನುತ್ತಾನೋ — ಏನೂ ಅನ್ನದೆ ಚೀಲ ಎತ್ತಿಕೊಂಡು ಹೋದರೆ ಅದೂ ನ್ಯಾಯವೇ. ಗಾಡಿ ತಿರುಗಿ ಬರುವುದಿಲ್ಲ. ಆಮೇಲೆ ಅಂಗಡಿಗೆ. ಹೆದರಿಕೆ ಆಗುತ್ತಿದೆ. ಅದನ್ನೂ ಮೊದಲೇ ಹೇಳುತ್ತೇನೆ.

ಅಲ್ಲಿ ನಿಂತು ಓದಬೇಕಾದದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಒಂದು ಹಾಳೆ, ಒಂದೇ ಹೆಸರು.

‘ನೀರಮಾನ್ವಿಯ ಹನುಮಂತ (35) ಯಾವ ಅಪಘಾತವನ್ನೂ ಮಾಡಿಲ್ಲ. ಮಾಡಿದ್ದಾನೆಂದು ನೀವು ನಂಬುವ ಹಾಗೆ ಹೇಳಿದವಳು ನಾನು.’

ಈ ಸಲ ವಯಸ್ಸು ಬಿಟ್ಟಿಲ್ಲ.