ಕೈಗುರುತಿಲ್ಲದ ಕಬ್ಬಿಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಜರಿ ಅಂಗಳಕ್ಕೆ ಹಿಮ್ಮುಖವಾಗಿ ಬಂದ ಲಾರಿ, ತಂದದ್ದನ್ನೆಲ್ಲ ದಡಬಡನೆ ಸುರಿದು ಹೋಗಿದೆ. ಎದ್ದ ಧೂಳು ಕೂರುವ ಮೊದಲೇ ಪತ್ತೆಯಮ್ಮ ರಾಶಿಯ ಮುಂದೆ ಮೋಟು ಸ್ಟೂಲು ಎಳೆದುಕೊಂಡು ಕೂತಾಗಿದೆ. ಪಕ್ಕದಲ್ಲಿ ತಂತಿ ಬ್ರಷ್ಷು, ಡಬ್ಬದಲ್ಲಿ ಸೀಮೆಎಣ್ಣೆ, ಹಳೆಯ ಬನಿಯನ್ನಿನ ಚಿಂದಿ, ದಾರ ಕಟ್ಟಿದ ಅಯಸ್ಕಾಂತ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ರಾಶಿಯನ್ನು ದಿಟ್ಟಿಸುತ್ತಾರೆ, ಆದರೆ ಮುಟ್ಟುವುದಿಲ್ಲ. ಮೊದಲು ಕಣ್ಣು, ಆಮೇಲೆ ಕೈ.

"ಹುತ್ತಕ್ಕೆ ಕೈ ಹಾಕಿದ ಹಾಗೆ ಇದು. ಈ ಕೆಲಸದಲ್ಲೇ ತಲೆ ಬೆಳ್ಳಗಾಯ್ತು, ಆದ್ರೂ ದಿನಾ ಬೆಳಗ್ಗೆ ಮೊದಲನೇ ದಿನದ ಹಾಗೇ ಭಯ" ಎನ್ನುತ್ತಾರೆ.

ಪತ್ತೆಯಮ್ಮ ಎಂಬುದು ಅಂಗಳದವರು ಇಟ್ಟ ಹೆಸರು. ಯಾವುದೋ ಮನೆ ಕೆಡವಿದಾಗ, ಕಾರ್ಖಾನೆ ಮುಚ್ಚಿದಾಗ, ಯಾರದೋ ಅಟ್ಟ ಖಾಲಿಯಾದಾಗ ತಲೆಬುಡ ತಿಳಿಯದ ಹಳೇ ಸಾಮಾನು ಬರುತ್ತದಲ್ಲ, ಅದು ಏನೆಂದು ಹೇಳುವುದು ಇವರ ಕೆಲಸ. ಇವರು ಬಾಯಿ ಬಿಡುವವರೆಗೆ ಗ್ಯಾಸ್ ಕಟರ್‌ನವರು ಬೆಂಕಿ ಹಚ್ಚುವಂತಿಲ್ಲ, ಸುತ್ತಿಗೆಯವರು ಕೈ ಎತ್ತುವಂತಿಲ್ಲ. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಇವರ ಮೈದುನ ಒಂದು ಮಾತೂ ಕೇಳದೆ, ಬಾಯಿ ಬಿಗಿದಿದ್ದ ಸಿಲಿಂಡರಿಗೆ ಬೆಂಕಿ ಕೊಟ್ಟ. ಈಗ ಅವನ ಎಡಗೈಯಲ್ಲಿ ಉಳಿದಿರುವುದು ಎರಡೇ ಬೆರಳು. ಅಂಗಳದ ಗೇಟು ಕಾಯುವವನು ಅವನೇ.

ವಿದ್ಯೆ ಕಲಿಸಿದ್ದು ಮಾವ. ಗಂಡ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಾಗ, ತಾಮ್ರದ ತಂತಿ ಸುಲಿಯುತ್ತ ಮೂಲೆಯಲ್ಲಿ ಕೂತಿರುತ್ತಿದ್ದ ಸೊಸೆಯನ್ನು ಅವರು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ಮಾವ ಹೇಳೋರು, ಕಬ್ಬಿಣ ನೋಡಬೇಡ ಕಣಮ್ಮಾ, ಅದು ಎಲ್ಲಿ ಸವೆದಿದೆ ನೋಡು ಅಂತ. ಹಿಡಿದ ಜಾಗ ನುಣ್ಣಗಾಗಿರುತ್ತೆ, ಹೊಡೆದ ಜಾಗ ಚಪ್ಪಟೆ ಆಗಿರುತ್ತೆ. ಹೆಬ್ಬೆರಳು ಎಲ್ಲಿ ಕೂತಿತ್ತು ಅಂತ ಗೊತ್ತಾದ್ರೆ ಮುಕ್ಕಾಲು ಪಾಲು ಕೆಲಸ ಮುಗೀತು."

ಹಾಗಾಗಿ ಪತ್ತೆಯಮ್ಮ ಯಾವ ವಸ್ತು ಸಿಕ್ಕರೂ ಕಣ್ಣು ಮುಚ್ಚಿ ಅಂಗೈಯಲ್ಲಿ ತಿರುಗಿಸುತ್ತಾರೆ, ಹಳೆಯ ಕೈಯೊಂದು ಕೂತಿದ್ದ ಕಡೆ ತಮ್ಮ ಕೈಯೂ ಕೂರುವವರೆಗೆ. ಊರಿನವರೂ ಮನೆಯಲ್ಲಿ ಸಿಕ್ಕ ವಿಚಿತ್ರಗಳನ್ನು ಹೊತ್ತು ತರುತ್ತಾರೆ. ಒಬ್ಬಾಕೆ ತಿರುಪು, ಹಿಡಿಕೆ ಇದ್ದ ಮರದ ಪಾದವೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದು, "ನಮ್ಮ ತಾತ ಯಾರಿಗಾದ್ರೂ ಚಿತ್ರಹಿಂಸೆ ಕೊಡ್ತಿದ್ರಾ, ನಿಜ ಹೇಳಿಬಿಡಿ" ಎಂದು ಅಳುಮೋರೆ ಮಾಡಿದ್ದರಂತೆ. ಅದು ಬಿಗಿಯಾದ ಬೂಟನ್ನು ಹಿಗ್ಗಿಸುವ ಸಾಧನ. "ನಿಮ್ಮ ತಾತ ಹಿಂಸೆ ಕೊಟ್ಟಿದ್ದು ಬರೀ ಚರ್ಮಕ್ಕೆ" ಎಂದು ಪತ್ತೆಯಮ್ಮ ನಗಿಸಿ ಕಳಿಸಿದರು. ಹೀಗೆ ನಗಿಸುವ ವಸ್ತುಗಳು ಸಿಗುವುದು ಅಪರೂಪ.

ಈ ಬೆಳಗಿನ ರಾಶಿ ಎಂದೋ ಮುಚ್ಚಿದ ಉಗ್ರಾಣವೊಂದರದು. ಬೀಗ, ಸರಪಳಿ, ಮುರುಕು ತಕ್ಕಡಿಗಳ ನಡುವೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದು ಕಾಣುತ್ತದೆ. ಪತ್ತೆಯಮ್ಮ ಮೆಲ್ಲಗೆ ಬಿಡಿಸುತ್ತಾರೆ. ಒಳಗೊಂದು ಕಬ್ಬಿಣದ ತುಂಡು: ಮಣಿಕಟ್ಟಿನಷ್ಟು ದಪ್ಪ, ಗೇಣುದ್ದ, ಒಂದು ತುದಿ ಚೂಪು, ಇನ್ನೊಂದು ತುದಿ ಮಟ್ಟಸ. ಬುಡದ ಹತ್ತಿರ ತಾಮ್ರದ ಬಳೆ. ನೋಡಿದ ತಕ್ಷಣ ಗುರುತು ಸಿಕ್ಕಿ ಮುಖ ಅರಳುತ್ತದೆ. ಅಯ್ಯೋ, ಇದು ಕುಟ್ಟೋ ಕಬ್ಬಿಣ! ಇಂಥದ್ದೇ ಒಂದು ಹಿಂದೆ ಕೆಡವಿದ ಮನೆಯಿಂದ ಬಂದಿತ್ತು. ಬುಡ ಕುಟ್ಟಿ ಕುಟ್ಟಿ ಚಪ್ಪಟೆಯಾಗಿ, ನಡು ಅಂಗೈ ಉಜ್ಜಿ ಫಳಫಳ ಹೊಳೆಯುತ್ತಿತ್ತು. ಅದನ್ನು ಇವರೇ ತೊಳೆದು ಒರೆಸಿ ಅಕ್ಕನಿಗೆ ಕೊಟ್ಟಿದ್ದರು. ಬೆಳ್ಳುಳ್ಳಿ, ಮೆಣಸು ಕುಟ್ಟಲು ಅಕ್ಕನಿಗೆ ಅದಿಲ್ಲದೆ ಆಗುವುದೇ ಇಲ್ಲ.

ಅಭ್ಯಾಸದಂತೆ ಕಣ್ಣು ಮುಚ್ಚಿ ಅಂಗೈಯಲ್ಲಿ ತಿರುಗಿಸುತ್ತಾರೆ. ಕೈ ಎಲ್ಲೂ ಕೂರುವುದಿಲ್ಲ. ಬುಡದಲ್ಲಿ ಒಂದು ಪೆಟ್ಟಿಲ್ಲ, ನಡುವಿನಲ್ಲಿ ಬೆರಳಿನ ಗುರುತಿಲ್ಲ, ಬಣ್ಣ ಹಾಕಿದ್ದು ಹಾಕಿದ ಹಾಗೇ ಇದೆ. ಒಮ್ಮೆಯೂ ಬಳಸದ ಸಾಮಾನನ್ನು ಇಷ್ಟು ಜೋಪಾನವಾಗಿ, ಎಣ್ಣೆ ಹಚ್ಚಿ ಯಾರು ಎತ್ತಿಡುತ್ತಾರೆ? ಬೆಳ್ಳುಳ್ಳಿ ಕುಟ್ಟುವುದಕ್ಕೆ ಇಷ್ಟೊಂದು ಉಪಚಾರವೇ? ಸವೆತವೇ ಇಲ್ಲದ ಸಾಮಾನೆಂದರೆ, ಒಂದೇ ಸಲ ಕೆಲಸ ಮಾಡಲು ಹುಟ್ಟಿದ ಸಾಮಾನು. ಇದು ತೋಪಿನ ಬಾಯಿಂದ ಹಾರಿ ಸಿಡಿಯುವ ಗುಂಡು. ಇನ್ನೂ ಹಾರಿಲ್ಲ.

ಅದನ್ನು ಬಟ್ಟೆಯ ಸಮೇತ ಮರಳಿನ ಮೇಲೆ ಮಲಗಿಸಿ ಎದ್ದು ನಿಲ್ಲುತ್ತಾರೆ. "ಬೆಂಕಿ ಆರಿಸಿ. ಎಲ್ರೂ ಗೇಟಿಂದ ಆಚೆ. ಯಾರೂ ಏನೂ ಕೇಳಬೇಡಿ."

"ಏನಮ್ಮಾ ಇದು ಬೆಳಗ್ಗೆ ಬೆಳಗ್ಗೆ?" ಎನ್ನಹೊರಟ ಅಂಗಳದ ಯಜಮಾನ ಅವರ ಮುಖ ನೋಡಿ ತಾನೂ ಗೇಟಿನತ್ತ ಹೆಜ್ಜೆ ಹಾಕುತ್ತಾನೆ. ಪೊಲೀಸರಿಗೆ ಫೋನ್ ಮಾಡಲು ಮೈದುನನಿಗೆ ಹೇಳಿದವರೇ ಪತ್ತೆಯಮ್ಮ ಅಕ್ಕನ ನಂಬರು ಒತ್ತುತ್ತಾರೆ. ಗಂಟೆ ಹೊಡೆಯುತ್ತದೆ, ಹೊಡೆಯುತ್ತದೆ, ನಿಲ್ಲುತ್ತದೆ. ಅಡುಗೆಮನೆ ಸೇರಿದ ಮೇಲೆ ಅಕ್ಕ ಫೋನಿನ ಕಡೆ ತಿರುಗಿಯೂ ನೋಡುವುದಿಲ್ಲ.

ಅಕ್ಕನ ಮನೆ ಎರಡು ಬೀದಿ ಆಚೆ. ಓಡಿದರೆ ಮಂಡಿ ನೋವು, ನಡೆದರೆ ಜೀವ ನಿಲ್ಲದು. ಅಕ್ಕನಿಗೆ ಕೊಟ್ಟಿದ್ದರ ಸವೆತ ಸುಳ್ಳು ಹೇಳಿರಲಿಲ್ಲ, ಅದೇ ದೊಡ್ಡ ಸಂಕಟ. ಯಾರೋ ಪುಣ್ಯಾತ್ಮರು ಅದರಲ್ಲಿ ನಿಜವಾಗಿಯೂ ವರ್ಷಗಟ್ಟಲೆ ಕುಟ್ಟಿದ್ದರು. ಆದರೆ ಅದು ಕುಟ್ಟಲೆಂದು ಮಾಡಿದ್ದಾಗಿರಲಿಲ್ಲ. ತಿರುವಿನಲ್ಲೇ ಶಬ್ದ ಕೇಳುತ್ತದೆ, ಕಿಟಕಿಯಿಂದ ಬೀದಿಗೆ. ಢಕ್, ಢಕ್, ಢಕ್.

ಕೂಗಬೇಕೆಂದು ಬಾಯಿ ತೆರೆದವರು ಗಬಕ್ಕನೆ ಮುಚ್ಚಿಕೊಳ್ಳುತ್ತಾರೆ. ಅಕ್ಕ ಚಿಕ್ಕಂದಿನಿಂದಲೂ ಬೆಚ್ಚುವ ಜೀವ. ಯಾರಾದರೂ ಕೂಗಿದರೆ ಸಾಕು, ಕೈಯಲ್ಲಿದ್ದದ್ದು ನೆಲಕ್ಕೆ. ಎಷ್ಟು ತಟ್ಟೆ, ಎಷ್ಟು ಲೋಟ ಹಾಗೆ ಹೋಗಿವೆಯೋ, ಮನೆಮಂದಿಗೆಲ್ಲ ಅದೊಂದು ತಮಾಷೆ. ಈಗ ಅದು ತಮಾಷೆಯಲ್ಲ. ಕೂಗುವಂತಿಲ್ಲ, ಸದ್ದಿಲ್ಲದೆ ಹಿಂದೆ ಹೋಗಿ ನಿಲ್ಲುವಂತೆಯೂ ಇಲ್ಲ. ಬಾಗಿಲಲ್ಲಿ ಚಪ್ಪಲಿಯನ್ನು ದಿನದಂತೆಯೇ ಪಟಪಟ ಬಿಡುತ್ತಾರೆ.

"ಅಕ್ಕಾ, ಟೀ ಇದ್ಯಾ?"

"ಬಾರೇ, ಏನಿಷ್ಟು ಬೇಗ? ಇರು, ಇದೊಂದು ಹಿಡಿ ಕುಟ್ಟಿಬಿಡ್ತೀನಿ." ಢಕ್.

"ಕೊಡಿಲ್ಲಿ, ನಾನು ಕುಟ್ತೀನಿ. ನೀನು ಅಂಗಡಿಗೆ ಹೋಗಿ ಹಾಲು ತಾ."

"ಹಾಲಿದೆ ಕಣೇ."

"ಹಾಗಾದ್ರೆ ಬಿಸ್ಕತ್ತು ತಾ. ಹಸಿವು ತಡೀತಿಲ್ಲ."

"ಆಹಾ, ಏನು ದರ್ಬಾರು ಮಹಾರಾಣಿದು!" ಎಂದು ಗೊಣಗುತ್ತ ಅಕ್ಕ ಅದನ್ನು ತಂಗಿಯ ಎರಡೂ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಡುತ್ತಾರೆ. ಚಪ್ಪಲಿ ಸದ್ದು ಬೀದಿಗಿಳಿದು ದೂರವಾಗುವವರೆಗೆ ಪತ್ತೆಯಮ್ಮ ಒರಳಿನ ಮುಂದೆ ಕಲ್ಲಿನ ಹಾಗೆ ನಿಂತಿರುತ್ತಾರೆ. ಬೆಳ್ಳುಳ್ಳಿ ವಾಸನೆಯ ಆ ಕಬ್ಬಿಣ ಅಕ್ಕನ ಕೈಯಿಂದ ಬಂದದ್ದು, ಇನ್ನೂ ಬೆಚ್ಚಗಿದೆ. ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಕೋಣೆಗೆ ಹೋಗಿ, ಹಾಸಿಗೆಯ ಮೇಲಿನ ಮೆತ್ತನೆ ರಜಾಯಿಯ ನಡುವೆ ಅದನ್ನು ಇಳಿಸುತ್ತಾರೆ. ಆಮೇಲೆ ಹೊರಗೆ ಬಂದು ಅಕ್ಕಪಕ್ಕದ ಮನೆಗಳನ್ನು ಖಾಲಿ ಮಾಡಿಸುತ್ತಾರೆ.

ಬಾಂಬ್ ನಿಷ್ಕ್ರಿಯ ದಳದವರು ಎರಡನ್ನೂ ಮರಳು ತುಂಬಿದ ಪೆಟ್ಟಿಗೆಯಲ್ಲಿ ಒಯ್ದರು. ಎರಡರ ಒಳಗೂ ಮದ್ದು ಇತ್ತು. "ಇದರಲ್ಲಿ ಇಷ್ಟು ವರ್ಷ ಕುಟ್ಟಿದ್ದೀರಾ?" ಎಂದು ಕೇಳಿದ ಅಧಿಕಾರಿಯ ಮುಖದ ಬಣ್ಣವೇ ಇಳಿದುಹೋಗಿತ್ತು. ಬಿಸ್ಕತ್ತಿನ ಪೊಟ್ಟಣ ಹಿಡಿದು ಬೀದಿಯ ತುದಿಯಲ್ಲಿ ನಿಂತಿದ್ದ ಅಕ್ಕ ಅವನನ್ನು ದಾಟಿ ಬಂದರು. ತಂಗಿಯ ರಟ್ಟೆ ಹಿಡಿದು ಅಲುಗಾಡಿಸಿ, "ನನ್ನನ್ನ ಬಿಸ್ಕತ್ತಿಗೆ ಕಳಿಸಿ ನೀನೊಬ್ಬಳೇ ಒಳಗೆ ನಿಂತಿದ್ದೆಯೇನೇ, ಪಾಪಿ?" ಎಂದು ಬೀದಿಗೆ ಕೇಳುವಂತೆ ಅತ್ತರು.

ಆ ಬೆಳಗಾಗಿ ಎರಡು ತಿಂಗಳು ಕಳೆದಿವೆ. ಪತ್ತೆಯಮ್ಮ ಈಗಲೂ ರಾಶಿಯ ಮುಂದೆ ಕೂರುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ, ಮರಳಿನ ತೊಟ್ಟಿಗೆ ಇಳಿಸಿ ಅಧಿಕಾರಿಗಳಿಗೆ ಫೋನ್ ಮಾಡಿಸುತ್ತಾರೆ. "ಪತ್ತೆಯಮ್ಮನಿಗೇ ಪತ್ತೆ ಆಗಲಿಲ್ಲ" ಎಂದು ಅಂಗಳದವರು ಕಾಲೆಳೆದರೆ ಸುಮ್ಮನೆ ನಗುತ್ತಾರೆ. ಆದರೆ ಸರಿಯಾಗಿ ನಿದ್ದೆಯಿಲ್ಲ. ಸವೆತವನ್ನು ನಂಬಿ, ಹೆಸರು ಹೇಳಿ, ಜನರ ಮನೆಗೆ ಕಳಿಸಿದ ವಸ್ತುಗಳು ಒಂದೇ ಎರಡೇ? ಬಾಗಿಲಿಗೆ ಆನಿಸಲು ಒಂದು, ಕಾಗದದ ಮೇಲೆ ಇಡಲು ಒಂದು, ಮಕ್ಕಳ ಆಟಕ್ಕೆ ಮತ್ತೊಂದು.

ಸಂಜೆ ಕೆಲಸ ಬಿಟ್ಟ ಮೇಲೆ ನೆನಪಾದ ಒಂದೊಂದು ಮನೆಗೂ ಹೋಗುತ್ತಾರೆ. ಕೆಲವರು ಒಳಗೆ ಕರೆದು ತೋರಿಸುತ್ತಾರೆ. ಕೆಲವರು, ಕೊಟ್ಟದ್ದನ್ನು ವಾಪಸು ಕೇಳಲು ಬಂದಿದ್ದಾರೆಂದು ಮುಖ ಗಂಟಿಕ್ಕುತ್ತಾರೆ. ಇವತ್ತೂ ಹೊರಟಿದ್ದಾರೆ. ಜೊತೆಗೆ ಅಕ್ಕನೂ ಇದ್ದಾರೆ. ತಂಗಿಯನ್ನು ಒಬ್ಬಳೇ ಎಲ್ಲಿಗೂ ಕಳಿಸುವುದಿಲ್ಲ ಎಂದು ಹಟ ಹಿಡಿದು ಬಂದವರು.

ನಿಮ್ಮ ಆಸೆ ಏನು ಎಂದು ಕೇಳಿದರೆ ಪತ್ತೆಯಮ್ಮ ಕನ್ನಡಕ ಒರೆಸಿಕೊಳ್ಳುತ್ತ ಹೇಳುತ್ತಾರೆ: "ನನಗೇನು ಬೇಕು? ನಾನು ಹೋಗಿ ಬಾಗಿಲು ತಟ್ಟೋವರೆಗೂ, ಕೊಟ್ಟಿದ್ದನ್ನ ಯಾರೂ ಕೆಳಗೆ ಬೀಳಿಸದೇ ಇದ್ರೆ ಸಾಕು."