ಬಿಟ್ಟೆ ಎಂದ ಜರ್ಮನ್ ಚಾನೆಲ್

ಡಿಶ್‌ಗೆ ಕೊಟ್ಟದ್ದು ಇನ್ನೂರ ಎಪ್ಪತ್ತೈದು ಡಾಲರ್. ಅಂಗಡಿಯವರು ಹೇಳಿದ್ದು ಆರುನೂರು. ನಾವಿದ್ದ ಕ್ಯಾರಿಯಿಂದ ಆರು ಗಂಟೆ ದೂರದ ನಾರ್‌ಕ್ರಾಸ್‌ಗೆ ಹೋಗಿಬಂದ ಪೆಟ್ರೋಲ್ ಖರ್ಚನ್ನು ನಾನು ಇದಕ್ಕೆ ಸೇರಿಸುವುದಿಲ್ಲ; ತೊಗರಿಬೇಳೆ, ಹುಣಸೆಹಣ್ಣಿಗೆಂದು ಆ ದಾರಿಯನ್ನು ಹೇಗೂ ಸವೆಸುತ್ತಿದ್ದೆವು. ಇಷ್ಟನ್ನು ಖರ್ಚು ಮಾಡಿದ್ದು ಟೀವಿಯ ಹುಚ್ಚಿಗಲ್ಲ, ಅತ್ತೆಯವರನ್ನು ಅಮೆರಿಕದಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕೆ.

ಹೆಂಡತಿಗೆ ಆಗ ಏಳು ತುಂಬಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅತ್ತೆ ಹತ್ತನೆಯ ದಿನಕ್ಕೇ ಟಿಕೆಟ್ ಬದಲಾಯಿಸುವ ಮಾತೆತ್ತಿದರು.

"ಏನ್ ಊರು ಅಳಿಯಂದಿರೇ ಇದು? ಬೆಳಗ್ಗೆಯಿಂದ ಕಿಟಕೀಲಿ ಕೂತಿದೀನಿ. ಒಬ್ಬ ಸೊಪ್ಪಿನೋನು ಬರ್ಲಿಲ್ಲ, ಒಬ್ಬ ಪಾತ್ರೆಯೋನು ಬರ್ಲಿಲ್ಲ. ಒಂದು ನಾಯಿ ಬಂತು. ಅದನ್ನೂ ಹಗ್ಗ ಹಾಕಿ ಕರ್ಕೊಂಡು ಹೋದ್ರು."

ಅತ್ತೆಯ ಕಾಯಿಲೆ ನನಗೆ ಅರ್ಥವಾಯಿತು, ಏಕೆಂದರೆ ಅದು ನನ್ನದೂ ಹೌದು. ಮೈಸೂರಿನಲ್ಲಿ ಅವರ ಬೆಳಗು ಶುರುವಾಗುತ್ತಿದ್ದುದೇ ಬಾಗಿಲ ಮುಂದಿನ ಚೌಕಾಸಿಯಿಂದ. ಬುಟ್ಟಿಯವಳು ಕೊನೆಗೆ ಸೋತು, "ಹೋಗ್ಲಿ ಕಣಮ್ಮಾ, ನಿಮ್ಗೋಸ್ಕರ ಎಂಟಾಣೆ ಬಿಟ್ಟೆ" ಎಂದ ಮೇಲೆಯೇ ಅವರು ಕಾಫಿಯ ಲೋಟಕ್ಕೆ ಕೈ ಹಾಕುತ್ತಿದ್ದರು. ಕ್ಯಾರಿಯ ಸೂಪರ್ ಮಾರ್ಕೆಟ್ಟಿನಲ್ಲಿ ಬದನೆಕಾಯಿಗೆ ಬೆಲೆಯ ಚೀಟಿ ಅಂಟಿಸಿರುತ್ತಾರೆ. ಚೀಟಿಯ ಜೊತೆ ಯಾರು ಮಾತಾಡುವುದು?

ಡಿಶ್ ಹಾಕಿಸಿದರೆ ನಮ್ಮ ಕಡೆಯ ಚಾನೆಲ್ ಸಿಗುತ್ತದೆ, ಅತ್ತೆಗೆ ಹೊತ್ತು ಹೋಗುತ್ತದೆ ಎಂದು ನಾನು ನಾರ್‌ಕ್ರಾಸ್‌ನಲ್ಲಿ ಮಸಾಲೆ ಅಂಗಡಿಯ ಪಕ್ಕ ಹಳೆಯ ಡಿಶ್ ಮಾರುತ್ತಿದ್ದ ಬೆಂಗಳೂರಿನ ಸಾಹೇಬರ ಬಳಿ ಹೋದೆ. ಎಂಟಡಿ ಅಗಲದ, ಜಾಲರಿಯ ದೊಡ್ಡ ಛತ್ರಿ. ಎರಡು ಗಂಟೆ ಎಳೆದಾಡಿದೆವು.

"ಸಾರ್, ಈ ರೇಟಿಗೆ ಮೋಟರ್ ಕೊಡಕ್ಕಾಗಲ್ಲ" ಎಂದರು ಸಾಹೇಬರು.

"ಮೋಟರ್ ಯಾಕೆ?"

"ಡಿಶ್ ತಿರುಗ್ಸಕ್ಕೆ."

"ಅದು ತಿರುಗಿ ಎಲ್ಲಿಗೆ ಹೋಗ್ಬೇಕು? ನಮ್ಮನೆ ಹಿಂದೇನೇ ತಾನೆ ನಿಂತಿರತ್ತೆ?"

ಸಾಹೇಬರು ನನ್ನ ಮುಖವನ್ನು ಒಮ್ಮೆ ನೋಡಿ ಮೋಟರನ್ನು ಒಳಗೆತ್ತಿಟ್ಟರು. ನಾನು ಗೆದ್ದೆನೆಂದುಕೊಂಡೆ. ಡಿಶ್ಶನ್ನು ಬಿಚ್ಚಿ ವ್ಯಾನಿನ ನೆತ್ತಿಗೆ ಕಟ್ಟಿಕೊಂಡು, ದಾರಿಯ ಎರಡೂ ಕೆರೊಲಿನಾ ರಾಜ್ಯಗಳ ಲಾರಿಯವರಿಂದ ಹಾರ್ನ್ ಹೊಡೆಸಿಕೊಳ್ಳುತ್ತಾ ಮನೆಗೆ ಬಂದೆ.

ಆಕಾಶದಲ್ಲಿ ಒಂದೊಂದು ಉಪಗ್ರಹ ಒಂದೊಂದು ಕಡೆ ಇರುತ್ತದೆ, ಬೇಕಾದದ್ದರ ಕಡೆಗೆ ಡಿಶ್ಶಿನ ಮುಖ ತಿರುಗಿಸಬೇಕು ಎಂಬುದು ಕಂಬಕ್ಕೆ ಕಾಂಕ್ರೀಟು ಹಾಕಿದ ಮೇಲೆ ತಿಳಿಯಿತು. ಕೈಯಿಂದಲೇ ತಿರುಗಿಸೋಣವೆಂದರೆ ಹಿತ್ತಿಲ ತುಂಬ ಪೈನ್ ಮರಗಳು. ಒಂದು ಕೊಂಬೆ ಕಡಿದರೂ ನಮ್ಮ ಬಡಾವಣೆಯ ಸಂಘದವರಿಂದ ದಂಡದ ಕಾಗದ ಬರುತ್ತದೆ. ಎರಡು ಮರಗಳ ನಡುವೆ ಒಂದೇ ಒಂದು ಸಂದು. ಆ ಸಂದಿನಲ್ಲಿ ಒಂದೇ ಒಂದು ಉಪಗ್ರಹ, ಅದರಲ್ಲಿ ದುಡ್ಡಿಲ್ಲದೆ ನಿಚ್ಚಳವಾಗಿ ಬರುತ್ತಿದ್ದುದು ಒಂದೇ ಚಾನೆಲ್. ಅದು ಜರ್ಮನ್.

ಅಮೆರಿಕದಲ್ಲಿ ನೆಲೆಸಿದ ಜರ್ಮನ್ ಮಾತಿನವರಿಗಾಗಿ ಯಾರೋ ಖಾಸಗಿಯಾಗಿ ನಡೆಸುತ್ತಿದ್ದ ಪುಟ್ಟ ಚಾನೆಲ್ ಅದು. ಬೆಳಗ್ಗೆ ಒಬ್ಬ ದಪ್ಪಮೀಸೆಯವನು ಸೂಟು ಹಾಕಿಕೊಂಡು ವಾರ್ತೆ ಓದುತ್ತಿದ್ದ. ಹತ್ತು ಗಂಟೆಗೆ ಅದೇ ಮನುಷ್ಯ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಬೇಯಿಸುತ್ತಿದ್ದ. ಮಧ್ಯಾಹ್ನ ಪುನಃ ಸೂಟು, ಈ ಸಲ ತರಕಾರಿ ಹೆಚ್ಚುವ ಯಂತ್ರವೊಂದರ ಮಾರಾಟ. ಸಂಜೆ ಬೆಟ್ಟದೂರಿನ ಡಾಕ್ಟರರ ಹಳೆಯ ಧಾರಾವಾಹಿ. ಇದಿಷ್ಟನ್ನೂ ಮರುದಿನ ಇನ್ನೊಮ್ಮೆ ಹಾಕುತ್ತಿದ್ದರು.

ಅತ್ತೆಗೆ ಮುಖ ತೋರಿಸುವುದು ಹೇಗೆಂದು ನಾನು ಗರಾಜಿನಲ್ಲಿ ಕೂತಿದ್ದೆ. ಒಳಗಿನಿಂದ ಅವರ ಕೂಗು ಕೇಳಿತು.

"ಅಳಿಯಂದಿರೇ! ಬನ್ನಿ ಬೇಗ! ಇವನು ಬಿಟ್ಟ!"

ಓಡಿಹೋದೆ. ಟೀವಿಯಲ್ಲಿ ಮೀಸೆಯವನು ಯಂತ್ರವನ್ನೆತ್ತಿ ಹಿಡಿದಿದ್ದ. ಏನೋ ಬೆಲೆ ಹೇಳಿ, ತಲೆ ಬಾಗಿಸಿ, ಸ್ಪಷ್ಟವಾಗಿ, "ಬಿಟ್ಟೆ!" ಎಂದ.

"ಕೇಳಿಸ್ತಾ? ಮೊದ್ಲು ಏನೋ ದೊಡ್ಡದಾಗಿ ಹೇಳ್ದ. ಯಾರೂ ಬರ್ಲಿಲ್ಲ. ಈಗ ಬಿಟ್ಟೆ ಅಂತಿದಾನೆ. ಎಷ್ಟು ಬಿಟ್ಟ, ಅದೊಂದು ಹೇಳ್ತಿಲ್ಲ ಕಳ್ಳ."

ಹೆಂಡತಿ ಕಾಲೇಜಿನಲ್ಲಿ ಆರು ತಿಂಗಳು ಜರ್ಮನ್ ಕಲಿತವಳು. ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ರೀ, ಬಿಟ್ಟೆ ಅಂದ್ರೆ ಜರ್ಮನ್‌ನಲ್ಲಿ ಪ್ಲೀಸ್ ಅಂತ. ಫೋನ್ ಮಾಡಿ ಪ್ಲೀಸ್ ಅಂತಿದಾನೆ ಅಷ್ಟೆ."

"ನಿಮ್ಮಮ್ಮಂಗೆ ಹೇಳ್ದೆ ಅಂದ್ರೆ ಬಾಣಂತನ ನಾನೇ ಮಾಡ್ಬೇಕಾಗತ್ತೆ, ನೋಡು."

ಅವಳು ನನ್ನ ಅಡುಗೆಯನ್ನು ನೆನಪಿಸಿಕೊಂಡಳೋ ಏನೋ, ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಅತ್ತೆಯ ದಿನಚರಿ ಕುದುರಿತು. ಸ್ನಾನ ಮುಗಿಸಿ, ಕುಂಕುಮವಿಟ್ಟು, ಟೀವಿಯ ಮುಂದೆ ಕೂತು ಮೀಸೆಯವನ ಜೊತೆ ಚೌಕಾಸಿಗಿಳಿಯುತ್ತಿದ್ದರು. "ಇನ್ನೂ ಬಿಡಪ್ಪ, ಬ್ಲೇಡ್ ಮೊಂಡಾಗಿದೆ, ಇಲ್ಲಿಂದ್ಲೇ ಕಾಣ್ತಿದೆ." ಅವನು ಬಿಟ್ಟೆ ಅನ್ನುವನು. "ಹಾಗ್ ಬಾ ದಾರಿಗೆ." ಮಾರಾಟದಲ್ಲಿ ಅವನ ಜೊತೆ ನಿಲ್ಲುತ್ತಿದ್ದ ಹೆಂಗಸು "ಬಿಟ್ಟೆ, ಬಿಟ್ಟೆ" ಎಂದು ಎರಡು ಸಲ ಅಂದರಂತೂ, "ಗಂಡನಿಗಿಂತ ಅವಳೇ ವಾಸಿ, ಡಬಲ್ ಬಿಟ್ಳು" ಎಂದು ಮಗಳಿಗೆ ವರದಿಯಾಗುತ್ತಿತ್ತು. ಟಿಕೆಟ್ಟಿನ ಮಾತು ನಿಂತಿತು.

ಆದರೆ ನಾನು ವ್ಯಾಪಾರ ನೋಡಿದವನು. ಮುಳುಗುವ ಅಂಗಡಿಯನ್ನು ಅದರ ಗೋಡೆ ನೋಡಿಯೇ ಹೇಳಬಲ್ಲೆ. ಮೊದಲ ವಾರ ಮೀಸೆಯವನ ಹಿಂದೆ ಹಸಿರು ಗಿಡವಿತ್ತು. ಮೂರನೆಯ ವಾರ ಕುಂಡ ಮಾತ್ರವಿತ್ತು. ಐದನೆಯ ವಾರ ಆ ಕುಂಡವನ್ನೇ ಮಾರಾಟಕ್ಕಿಟ್ಟು "ಬಿಟ್ಟೆ" ಅಂದ. ಆಮೇಲೆ ಹೆಂಗಸು ಕಾಣಿಸಲಿಲ್ಲ. ಹೆರಿಗೆಗೆ ಇನ್ನು ಎರಡು ವಾರವಿದೆ ಎನ್ನುವಾಗ, ಮುಂದಿನ ಸೋಮವಾರದಿಂದ ಚಂದಾ ಕಟ್ಟಿದವರಿಗೆ ಮಾತ್ರ ಚಾನೆಲ್ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲೂ ಬರೆದು ಹಾಕಿದರು. ಸೋಮವಾರ ಬಂತು. ಮೀಸೆಯವನ ಮುಖ ಗೆರೆಗೆರೆಯಾಗಿ ಸೊಟ್ಟಗಾಯಿತು.

"ಅವನೂ ಹೋದ್ನಲ್ಲ" ಎಂದರು ಅತ್ತೆ. "ನಂಗೂ ಶುಕ್ರವಾರಕ್ಕೇ ಟಿಕೆಟ್ ಮಾಡ್ಸಿಬಿಡಿ. ನಿಮ್ಮಮ್ಮನ್ನ ಕರೆಸ್ಕೊಳ್ಳಿ."

ಪರದೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿಕೊಂಡದ್ದು ಸ್ವತಃ ಮೀಸೆಯವನೇ! ಜಾಗ ವರ್ಜೀನಿಯಾದ ಶ್ಯಾಂಟಿಲಿಯ ಒಂದು ಗೋದಾಮು. ನಾನು ಒಂದು ಕೇಳಿದರೆ ಅವನು ಚಾನೆಲ್ಲಿನ ಪೂರ್ತಿ ಚರಿತ್ರೆ ಹೇಳಿದ, ಇಂಗ್ಲಿಷಿನಲ್ಲಿ, ನನ್ನ ಲಾಂಗ್ ಡಿಸ್ಟೆನ್ಸ್ ಖರ್ಚಿನಲ್ಲಿ. ಇಬ್ಬರು ಪಾಲುದಾರರು, ಮೂರು ಕ್ಯಾಮರಾಗಳಿಂದ ಶುರುವಾಗಿತ್ತಂತೆ. ಮೊದಲು ಪಾಲುದಾರ ಹೋದ, ಹೋಗುವಾಗ ಎರಡು ಕ್ಯಾಮರಾ ಒಯ್ದ. ಆಮೇಲೆ ಹೆಂಗಸು ತನ್ನ ಗಿಡ ಒಯ್ದಳು, ಕೊನೆಗೆ ತಾನೂ ಹೋದಳು. ಈಗ ವಾರ್ತೆ, ಅಡುಗೆ, ಮಾರಾಟ, ಕಸ ಗುಡಿಸುವುದು ಎಲ್ಲ ಅವನದೇ. ಡಾಕ್ಟರರ ಧಾರಾವಾಹಿಯ ಕೊನೆಯ ಹತ್ತು ಕಂತು ಕೊಳ್ಳಲು ದುಡ್ಡು ಸಾಲದೆ ಮತ್ತೆ ಮತ್ತೆ ಮೊದಲಿನಿಂದ ಹಾಕುತ್ತಿದ್ದನಂತೆ.

"ಒಂದೇ ತಿಂಗಳು ಸಾಕು" ಎಂದೆ.

"ಒಂದು ವರ್ಷದ ಚಂದಾ. ನೂರ ಎಂಬತ್ತು. ಕಡಿಮೆ ಇಲ್ಲ."

ಅತ್ತೆ ತಡೆಯಲಾರದೆ ರಿಸೀವರ್ ಕಸಿದುಕೊಂಡರು. ನಾನು ಅಡುಗೆಮನೆಯ ಎಕ್ಸ್‌ಟೆನ್ಷನ್ ಫೋನಿಗೆ ಓಡಿ ಕಿವಿಯಿಟ್ಟೆ.

"ನೋಡಪ್ಪಾ ಮೀಸೆಯೋನೇ, ಮಗಳು ತುಂಬಿದ ಬಸುರಿ. ಒಂದು ತಿಂಗಳದ್ದು ಇಸ್ಕೊಂಡು ಮಿಕ್ಕಿದ್ದು ಬಿಡು."

ಅತ್ತ ಕಡೆಯಿಂದ ಕನ್ನಡ ತಿಳಿಯದ ಆ ಬಡಪಾಯಿ ಕೇಳಿದ: "ಬಿಟ್ಟೆ?"

"ಗಟ್ಟಿಯಾಗಿ ಹೇಳು."

"ಬಿಟ್ಟೆ??"

"ನೂರು ವರ್ಷ ಬಾಳು!" ಎಂದು ಅತ್ತೆ ಫೋನ್ ಇಟ್ಟೇಬಿಟ್ಟರು. ಅಡುಗೆಮನೆಯಿಂದ ಹೊರಬಂದ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. "ಇಂಗ್ಲಿಷು ಬಂದ್ರೆ ಸಾಲ್ದು ಅಳಿಯಂದಿರೇ. ಬಿಡಿಸಿಕೊಳ್ಳೋದು ಬರ್ಬೇಕು."

ಸರಿಯಾಗಿ ಕೇಳಿಸಲಿಲ್ಲವೆಂದಾಗಲೂ ಜರ್ಮನ್ನರು ಬಿಟ್ಟೆ ಎಂದೇ ಕೇಳುತ್ತಾರಂತೆ. ಇದನ್ನು ಅತ್ತೆಗೆ ವಿವರಿಸುವ ಗಂಡಸು ನಾನಲ್ಲ. ಗರಾಜಿಗೆ ಹೋಗಿ, ಬಾಗಿಲು ಹಾಕಿಕೊಂಡು, ಕಾರ್ಡ್‌ಲೆಸ್ ಫೋನಿನಲ್ಲಿ ಪುನಃ ಶ್ಯಾಂಟಿಲಿಗೆ ಫೋನ್ ಮಾಡಿದೆ. ಕ್ರೆಡಿಟ್ ಕಾರ್ಡಿನ ನಂಬರು ಓದಿದೆ. "ಹೌದು, ನೂರ ಎಂಬತ್ತು. ಪೂರ್ತಿ ವರ್ಷ" ಎಂದು ಪಿಸುಗುಟ್ಟಿ ತಿರುಗಿದರೆ, ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹೆಂಡತಿ ನಿಂತಿದ್ದಾಳೆ.

"ರೀ... ನೀವು... ಹೇಳಿದ ರೇಟಿಗೇ ಕೊಟ್ರಾ?"

ಬುಟ್ಟಿ ಕೆಳಗೆ ಬಿತ್ತು. ಕಾರಿನ ಬಾನೆಟ್ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗುತ್ತಲೇ ಒಮ್ಮೆ "ಅಮ್ಮಾ" ಎಂದಳು. ಆ ಅಮ್ಮಾ ನಗುವಿನದಾಗಿರಲಿಲ್ಲ. ಅತ್ತೆ ಬಂದು ಒಂದೇ ನೋಟದಲ್ಲಿ ತಿಳಿದುಕೊಂಡು, "ಕಾರ್ ತೆಗೀರಿ" ಎಂದರು. ಲೆಕ್ಕಕ್ಕಿಂತ ಮುಂಚೆಯೇ, ಅದೇ ಸಂಜೆ ಮಗಳು ಹುಟ್ಟಿದಳು. ಎತ್ತಿಕೊಂಡ ಅತ್ತೆಯ ಬಾಯಿಂದ ಶುಕ್ರವಾರದ ಮಾತು ಬರಲಿಲ್ಲ. ಆರು ತಿಂಗಳು ಪೂರ್ತಿ ಇದ್ದು ಹೋದರು. ಚಾನೆಲ್ ಚಂದಾ ಕಟ್ಟಿದ ಮೂರನೆಯ ವಾರಕ್ಕೆ ನಿಂತೇಹೋಯಿತು. ಮಗುವಿಗೆ ಎಣ್ಣೆ ತಿಕ್ಕುವ ಭರದಲ್ಲಿ ಅವರು ಅದನ್ನು ಗಮನಿಸಲೇ ಇಲ್ಲ.

ಹಾಗಾಗಿ ನಿಮಗೆ ಹೇಳುವುದಿಷ್ಟು. ಡಿಶ್ ಕೊಳ್ಳುವ ಮುನ್ನ ಹಿತ್ತಿಲಲ್ಲಿ ನಿಂತು ಉಪಗ್ರಹಗಳಿರುವ ದಕ್ಷಿಣದ ಆಕಾಶ ಎಷ್ಟು ಕಾಣುತ್ತದೆ ನೋಡಿ. ಒಬ್ಬನೇ ಓಡಿಸುವ ಯಾವುದಕ್ಕೂ ವರ್ಷದ ಚಂದಾ ಕಟ್ಟಬೇಡಿ. ಬಾಣಂತನಕ್ಕೆ ಬಂದವರನ್ನು ಹೆರಿಗೆಯ ತನಕ ಹಿಡಿದಿಟ್ಟರೆ ಸಾಕು, ಆಮೇಲಿನದನ್ನು ಮಗು ನೋಡಿಕೊಳ್ಳುತ್ತದೆ. ಅಲ್ಲಿಯವರೆಗೆ ಶನಿವಾರ ಶನಿವಾರ ಊರಾಚೆಯ ರೈತರ ಸಂತೆಗೆ ಕರೆದುಕೊಂಡು ಹೋಗಿ. ಬೆಳಗ್ಗೆ ಹೋಗಬೇಡಿ, ಅಂಗಡಿ ಎತ್ತುವ ಹೊತ್ತಿಗೆ ಹೋಗಿ. ಮಿಕ್ಕ ಟೊಮೇಟೊವನ್ನು ಮರಳಿ ಲಾರಿಗೆ ಹೇರಬೇಕಾದ ಮನುಷ್ಯ ಯಾವ ಭಾಷೆಯ ಚೌಕಾಸಿಗೂ ಬಗ್ಗುತ್ತಾನೆ. ಮಾತು ಅತ್ತೆಯವರೇ ಆಡಲಿ. ನೀವು ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ.